ಎಸ್ಸಿಗೊಂದು ತಲೆಕಟ್ಟು

ಇಂಗ್ಲಿಷ್ ಪರೀಕ್ಷೆಯಲ್ಲಿ ಅಪಾಸ್ಟ್ರಫಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದ ಹುಡುಗ ಅದನ್ನು ಎಸ್ ಅಕ್ಷರದ ನೆತ್ತಿಯ ಮೇಲೆ, ನಟ್ಟನಡುವೆ ಕೂರಿಸುತ್ತಾನೆ. ಎಡಕ್ಕಿದೆ ಎಂದರೆ ಎಡಕ್ಕಿದೆ, ಬಲಕ್ಕಿದೆ ಎಂದರೆ ಬಲಕ್ಕಿದೆ. ತಿದ್ದುವವರು ಊಟ ಮುಗಿಸಿ ಬಂದ ಹೊತ್ತಾದರೆ ಅರ್ಧ ಅಂಕ ಖಾತ್ರಿ. ಐದನೇ ಕ್ಲಾಸಿಗೆ ಬಂದ ಮೇಲಷ್ಟೇ ಎಬಿಸಿಡಿಯ ಮುಖ ಕಂಡ ನನ್ನ ತಲೆಮಾರಿನ ಕನ್ನಡ ಮಾಧ್ಯಮದವರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಲಿಲ್ಲ, ತಾನಾಗಿಯೇ ಬಂತು. ಮೇಷ್ಟ್ರು ಅದನ್ನು “ಅಪೋಸ್ಟ್ರೋಪಿ” ಎನ್ನುತ್ತಿದ್ದರು. ನಾವು “ಎಗರಿದ ಕಾಮಾ” ಎನ್ನುತ್ತಿದ್ದೆವು. ಕಾಮಾ ಸಾಲಿನ ಬುಡದಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಇದು ಸೊಕ್ಕಿನಿಂದ ಮೇಲಕ್ಕೆ ಎಗರಿದ್ದು.

ಇಂಥ ತಳಪಾಯದ ಮೇಲೆ ನಿಂತ ನನ್ನ ಇಂಗ್ಲಿಷ್, ಬ್ಯಾಂಕಿನಲ್ಲಿ ಗುಮಾಸ್ತನಾದ ಮೇಲೆ ಪಾಂಡಿತ್ಯ ಎನಿಸಿಕೊಂಡಿತು. ಹೆಡ್ ಆಫೀಸಿಗೆ ಹೋಗುವ ಪತ್ರಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಕಾರಣ ಇಷ್ಟೇ: ನನ್ನ ಬಳಿ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಇತ್ತು, ಮಿಕ್ಕವರ ಬಳಿ ಇರಲಿಲ್ಲ. ಆ ರೆನ್ ಸಾಹೇಬರೇ ಫ್ರೆಂಚ್ ವಿದೇಶಿ ದಳದ ಸಿಪಾಯಿಗಳ ಮೇಲೆ “ಬೋ ಜೆಸ್ಟ್” ಎಂಬ ಸಾಹಸದ ಕಾದಂಬರಿ ಬರೆದವರು, 1924ರಲ್ಲಿ. ಮರುಭೂಮಿ, ಕೋಟೆ, ಕಳುವಾದ ರತ್ನ ಎಲ್ಲ ಅದರಲ್ಲಿದೆಯಂತೆ. ನಮ್ಮ ಪಾಲಿಗೆ ಮಾತ್ರ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಬಂತು.

ನಿವೃತ್ತನಾಗಿ ಮೈಸೂರಿನ ಬಡಾವಣೆಯೊಂದರಲ್ಲಿ ನೆಲೆಯೂರಿದ ಮೇಲೆ ಈ ಪಾಂಡಿತ್ಯಕ್ಕೆ ಕೆಲಸ ಇಲ್ಲದಂತಾಯಿತು. ಕೆಲಸವಿಲ್ಲದ ಪಾಂಡಿತ್ಯ ಬೋರ್ಡು ಓದತೊಡಗುತ್ತದೆ. ಬೆಳಗಿನ ವಾಕಿಂಗಿನಲ್ಲಿ “ಲೇಡೀ’ಸ್ ಹಾಸ್ಟೆಲ್” ಕಂಡರೆ, ಈ ಲೇಡೀ ಎಂಬಾಕೆ ಯಾರು, ಇಷ್ಟು ದೊಡ್ಡ ಕಟ್ಟಡ ಆಕೆಗೊಬ್ಬಳಿಗೆ ಯಾತಕ್ಕೆ ಎಂದು ಜೊತೆಗೆ ಬಂದವರನ್ನು ಕೇಳುತ್ತಿದ್ದೆ. “ಬಾಯ್’ಸ್ ಪೀಜಿ” ಕಂಡರೆ, ಪಾಪ ಒಬ್ಬನೇ ಹುಡುಗ, ರಾತ್ರಿ ಹೆದರಿಕೆಯಾಗುವುದಿಲ್ಲವೇ ಎನ್ನುತ್ತಿದ್ದೆ. “ಚಪಾತಿ’ಸ್ ಸಿಗುತ್ತದೆ” ಎಂಬ ಹಲಗೆಯ ಮುಂದೆ ನಿಂತು, ಚಪಾತಿಯದು ಏನು ಸಿಗುತ್ತದೆ ಸ್ವಾಮಿ ಎಂದು ಅಂಗಡಿಯವನನ್ನೇ ವಿಚಾರಿಸಿದೆ. ಆತ “ಸಾಗು” ಎಂದ. ಬಹುವಚನಕ್ಕೆ ಸುಮ್ಮಸುಮ್ಮನೆ ಈ ಚುಕ್ಕೆ ಹಾಕುವುದನ್ನು ಇಂಗ್ಲೆಂಡಿನಲ್ಲಿ ತರಕಾರಿ ಅಂಗಡಿಯವರ ತಲೆಗೆ ಕಟ್ಟಿ “ಗ್ರೀನ್‌ಗ್ರೋಸರ್ಸ್ ಅಪಾಸ್ಟ್ರಫಿ” ಎಂದು ಹೆಸರೇ ಇಟ್ಟಿದ್ದಾರೆ ಎಂದು ಅವನಿಗೆ ವಿವರಿಸಿದೆ. ಆತ ಇನ್ನೊಂದು ಸ್ವಲ್ಪ ಸಾಗು ಹಾಕಿದ. ಕೆಲವು ದಿನ ಕಳೆಯುವುದರೊಳಗೆ ನನ್ನ ಜೊತೆ ವಾಕಿಂಗ್ ಬರುತ್ತಿದ್ದವರೆಲ್ಲ ಬೇರೆ ಹೊತ್ತಿಗೆ ಹೋಗತೊಡಗಿದರು.

ಆಗ ಬಂತು ಪಾರ್ಕಿನ ಕಲ್ಲು.

ನಮ್ಮ ಬಡಾವಣೆಯ ಉದ್ಯಾನದಲ್ಲಿ ವಯಸ್ಸಾದವರಿಗೆಂದು ಒಂದು ಮೂಲೆ ಮಾಡಿ, ಬೆಂಚು ಹಾಕಿಸಿ, ಮುಂದೆ ಒಂದು ಗ್ರಾನೈಟ್ ಚಪ್ಪಡಿ ನೆಡಬೇಕೆಂದು ಸಂಘ ತೀರ್ಮಾನಿಸಿತ್ತು. ಬರಹ ಇಂಗ್ಲಿಷಿನಲ್ಲಿರಲಿ, ಮಕ್ಕಳು ಅಮೆರಿಕದಿಂದ ಬಂದಾಗ ಓದಲಿ ಎಂದು ದಾನಿಗಳ ಆಸೆ. ಕಾರ್ಯದರ್ಶಿಗಳು ಮೂರು ಸಾಲು ಬರೆದು ತಂದರು. ಅದನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಬೀಚಿಯವರು ತಮ್ಮ ಹೆಸರನ್ನೇ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಬರೆದುಕೊಂಡರು. ಅದಕ್ಕೂ ಧೈರ್ಯ ಬೇಕು, ನನಗಿಲ್ಲ.

“ಸೀನಿಯರ್ ಸಿಟಿಜನ್ಸ್ ಪಾರ್ಕ್. ದಿಸ್ ಪಾರ್ಕ್ ಈಸ್ ಯುವರ್’ಸ್. ಪ್ರೊಟೆಕ್ಟ್ ಇಟ್’ಸ್ ಟ್ರೀಸ್.”

ಓದಿ ನನ್ನ ಮೈ ಜುಮ್ಮೆಂದಿತು. ಬೇಕಾದ ಕಡೆ ಚುಕ್ಕೆ ಇಲ್ಲ, ಬೇಡದ ಕಡೆ ಎರಡು. ಕಾರ್ಯದರ್ಶಿಗಳನ್ನು ಕೂರಿಸಿಕೊಂಡು ಪಾಠ ಶುರುಮಾಡಿದೆ. ನೋಡಿ, ನಾಮಪದಕ್ಕೆ ಆಸ್ತಿ ಇದೆ ಎಂದು ಹೇಳಬೇಕಾದರೆ ಚುಕ್ಕೆ ಬೇಕು. ಸರ್ವನಾಮಕ್ಕೆ ಬೇಡ. ಯುವರ್ಸ್, ಅವರ್ಸ್, ಹರ್ಸ್, ದೇರ್ಸ್, ಇಟ್ಸ್, ಯಾವುದಕ್ಕೂ ಇಲ್ಲ. “ಹಿಸ್” ಎಂಬುದರ ನಡುವೆ ಯಾರಾದರೂ ಚುಕ್ಕೆ ಹಾಕುತ್ತಾರೆಯೇ? ಇಲ್ಲವಲ್ಲ? ಅದೇ ವಂಶದ್ದು ಇವೆಲ್ಲ. ಚುಕ್ಕೆ ಇರುವ ಇಟ್’ಸ್ ಬೇರೆ, ಅದು “ಇಟ್ ಈಸ್” ಎಂಬುದರ ಮೊಟಕು. ಇಲ್ಲಿ ಅದನ್ನು ಹಾಕಿದರೆ “ಅದು ಆಗಿದೆ ಮರಗಳನ್ನು ಕಾಪಾಡಿ” ಎಂದಾಗುತ್ತದೆ.

“ಎರಡನ್ನೂ ಹೇಳುವುದು ಹೇಗೆ?” ಎಂದರು ಕಾರ್ಯದರ್ಶಿ.

“ಒಂದೇ ಥರ.”

“ಮತ್ತೆ ಕೇಳುವವರಿಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗುತ್ತೆ.”

“ಕೇಳುವಾಗ ಗೊತ್ತಾಗೋದು ಓದುವಾಗ ಯಾಕೆ ಗೊತ್ತಾಗೋಲ್ಲ?”

ಈ ಪ್ರಶ್ನೆಗೆ ರೆನ್ ಮತ್ತು ಮಾರ್ಟಿನ್ ಇಬ್ಬರೂ ಉತ್ತರ ಕೊಟ್ಟಿಲ್ಲ. “ಅದು ರೂಲು” ಎಂದೆ. ಕೆಂಪು ಪೆನ್ನಿನಿಂದ ಕೆಳಗಿನ ಎರಡು ಚುಕ್ಕೆಗಳನ್ನು ಹೊಡೆದುಹಾಕಿ, ಮೇಲಿನ ಸಾಲಿಗೆ ಒಂದು ಬೇಕು ಎಂದು ಬರೆದೆ.

ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಕೆಂಪು ಹಾಳೆ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಕಣ್ಣಿಗೆ ಬಿತ್ತು. ಅವರು ಬದುಕಿಡೀ ರಜೆ ಅರ್ಜಿಗಳ ಕೆಳಗೆ “ಯುವರ್’ಸ್ ಒಬೀಡಿಯಂಟ್ಲಿ” ಎಂದು ಚುಕ್ಕೆ ಸಮೇತ ಬರೆಸಿದವರು. ಸಾವಿರಾರು ಮಕ್ಕಳಿಗೆ ಜ್ವರ ಬಂದದ್ದು, ಅಜ್ಜಿ ತೀರಿಕೊಂಡದ್ದು, ಅಣ್ಣನ ಮದುವೆಯಾದದ್ದು ಎಲ್ಲವೂ ಆ ಚುಕ್ಕೆಯ ಮೇಲೆ ಮಂಜೂರಾಗಿತ್ತು. ಈಗ ನಾನು ಅದು ತಪ್ಪು ಎಂದರೆ ಅಷ್ಟೂ ರಜೆ ರದ್ದಾದ ಹಾಗೆ. “ದಾಖಲೆ ತೋರಿಸಿ” ಎಂದರು. ಮುಂದಿನ ಭಾನುವಾರದ ಸಭೆಗೆ ತರುತ್ತೇನೆ ಎಂದೆ.

ದಾಖಲೆ ಹುಡುಕಲು ಕೂತದ್ದು ನನ್ನ ಗ್ರಹಚಾರ. ಕೈಗೆ ಸಿಕ್ಕಿದ್ದೆಲ್ಲ ಅವರ ಕಡೆಯ ಸಾಕ್ಷಿಯೇ.

ಮೊದಲನೆಯದಾಗಿ, ಈ ಚಿಹ್ನೆಗೂ ಆಸ್ತಿಗೂ ಸಂಬಂಧವೇ ಇರಲಿಲ್ಲ. ಫ್ರಾನ್ಸಿನ ಜೆಫ್ರಾ ತೋರಿ ಎಂಬ ಮುದ್ರಕ 1529ರಲ್ಲಿ ಅಕ್ಷರಗಳ ಬಗ್ಗೆ ಒಂದು ಪುಸ್ತಕ ತಂದು, ಉಚ್ಚಾರದಲ್ಲಿ ನುಂಗಿಹೋದ ಸ್ವರದ ಜಾಗಕ್ಕೆ ಈ ಗುರುತು ಹಾಕಿ ಎಂದು ವಾದಿಸಿದ. ಅದೇ ಶತಮಾನದಲ್ಲಿ ಅದು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಇಂಗ್ಲೆಂಡಿಗೆ ಬಂತು. ಅಲ್ಲಿ ನುಂಗಿಹೋದ ಸ್ವರಗಳಿಗೇನು ಬರ. ಹಳೆಯ ಇಂಗ್ಲಿಷಿನಲ್ಲಿ ಕಲ್ಲಿಗೆ “ಸ್ಟಾನ್” ಎನ್ನುತ್ತಿದ್ದರು, ಕಲ್ಲಿನ ಎನ್ನಲು “ಸ್ಟಾನೆಸ್”. ಕಾಲಕಾಲಕ್ಕೆ ಆ ನಡುವಿನ ಸ್ವರ ಸವೆದು ಉದುರಿತು, ಎಸ್ ಉಳಿಯಿತು. ಸ್ವರ ಬಿದ್ದ ಜಾಗದಲ್ಲಿ ನೆಟ್ಟ ವೀರಗಲ್ಲು ಈ ಅಪಾಸ್ಟ್ರಫಿ. ನಮ್ಮಲ್ಲೂ ಸ್ವರಗಳು ಸಾಯುತ್ತವೆ. “ಊರು”, “ಅಲ್ಲಿ” ಸೇರಿ “ಊರಲ್ಲಿ” ಆಯಿತು. ಉಕಾರ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಲೋಪಸಂಧಿ ಎಂದು ಷರಾ ಬರೆದು ಫೈಲು ಮುಚ್ಚಿದೆವು.

ಇಂಗ್ಲಿಷರು ಫೈಲು ಮುಚ್ಚಲಿಲ್ಲ. ಈ ಎಸ್ ಎಲ್ಲಿಂದ ಬಂತು ಎಂಬುದನ್ನೇ ಮರೆತು, ಅದು “ಹಿಸ್” ಎಂಬುದರ ಮೊಟಕು ಇರಬೇಕೆಂದು ಅನೇಕರು ನಂಬಿದರು. “ರಾಜ ಅವನ ಕುದುರೆ” ಎಂಬ ಧಾಟಿಯಲ್ಲಿ ಬರೆಯತೊಡಗಿದರು. ಬೆನ್ ಜಾನ್ಸನ್ 1605ರಲ್ಲಿ ಅಚ್ಚು ಮಾಡಿಸಿದ ನಾಟಕದ ಹೆಸರೇ “ಸಿಜೇನಸ್ ಹಿಸ್ ಫಾಲ್”. ಹಾಗಾದರೆ ರಾಣಿಯ ಕಿರೀಟಕ್ಕೆ “ಅವನ” ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿರಬೇಕು. ನಮ್ಮ ಕಾರ್ಯದರ್ಶಿಗಳಂಥವರು ಆಗಲೂ ಇದ್ದೇ ಇರುತ್ತಾರೆ.

ಎರಡನೆಯದು ಇನ್ನೂ ಕೆಟ್ಟದ್ದು. “ಇಟ್ಸ್” ಎಂಬ ಪದವೇ ತೀರಾ ಈಚಿನದು, ಹದಿನಾರನೇ ಶತಮಾನದ ಕೊನೆಯಲ್ಲಿ ತಲೆ ಹಾಕಿದ್ದು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಅದು ಇರಲೇ ಇಲ್ಲ. ಮರಕ್ಕೂ ಉಪ್ಪಿಗೂ “ಹಿಸ್” ಎಂದೇ ಬರೆದಿದ್ದರು. ಆಮೇಲೆ ಈ ಹೊಸ ಪದ ಚಲಾವಣೆಗೆ ಬಂದಾಗ ಎಷ್ಟೋ ಮಂದಿ ಅದನ್ನು ಚುಕ್ಕೆ ಹಾಕಿಯೇ ಬರೆದರು. ಒಡೆತನ ಅಲ್ಲವೇ, ಹಾಕೋಣ ಎಂದು. 1787ರ ಅಮೆರಿಕದ ಸಂವಿಧಾನವಿದೆಯಲ್ಲ, ಅದರ ಒಂದನೇ ವಿಧಿಯ ಹತ್ತನೇ ಸೆಕ್ಷನ್ ತೆಗೆದು ನೋಡಿ. ರಾಜ್ಯಗಳ ತಪಾಸಣಾ ಕಾಯ್ದೆಯ ಮಾತು ಬರುವ ಕಡೆ ಸಾಕ್ಷಾತ್ ಚುಕ್ಕೆ ಸಹಿತ ಇಟ್’ಸ್ ಕೂತಿದೆ, ನಮ್ಮ ಕಾರ್ಯದರ್ಶಿಗಳು ಬರೆದ ಹಾಗೆಯೇ. ಥಾಮಸ್ ಜೆಫರ್ಸನ್ನರಿಗೂ ಅದೇ ಅಭ್ಯಾಸ. ಇನ್ನು ಯುವರ್’ಸ್? ಜೇನ್ ಆಸ್ಟಿನ್ ಯುವರ್’ಸ್, ಹರ್’ಸ್ ಎಂದು ನಿರ್ಭಯವಾಗಿ ಬರೆಯುತ್ತಿದ್ದಳು. ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿಯವರು ತಪ್ಪಲ್ಲ, ಇನ್ನೂರು ವರ್ಷ ತಡ, ಅಷ್ಟೆ. ನಾನು ಯಾವುದನ್ನು ಸನಾತನ ನಿಯಮ ಎಂದು ಪೂಜಿಸುತ್ತಿದ್ದೆನೋ ಅದು ಮುದ್ರಕರೂ ವ್ಯಾಕರಣದವರೂ ಆಮೇಲೆ ಕೂತು ಮಾಡಿಕೊಂಡ ಒಪ್ಪಂದ. ಬಹುವಚನದ ಎಸ್ಸಿನ ಬಲಕ್ಕೆ ಚುಕ್ಕೆ ಎಂಬುದಂತೂ ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ನೆಲೆಯಾದದ್ದು.

ಇದನ್ನೆಲ್ಲ ಸಭೆಯಲ್ಲಿ ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ಬ್ಯಾಂಕಿನಲ್ಲಿ ಇದ್ದವನು; ಯಾವ ವೋಚರು ಮೇಲಿಡಬೇಕು, ಯಾವುದು ಕೆಳಗೆ ಎಂಬುದು ಚೆನ್ನಾಗಿ ಗೊತ್ತು. ರೆನ್ ಅಂಡ್ ಮಾರ್ಟಿನ್ ಒಂದನ್ನೇ ಕಂಕುಳಲ್ಲಿಟ್ಟುಕೊಂಡು ಹೋದೆ.

ಆದರೆ ಮುಖ್ಯೋಪಾಧ್ಯಾಯಿನಿಯವರಿಗೂ ಮೊಬೈಲಿತ್ತು. ಆಸ್ಟಿನ್ ಹೆಸರನ್ನು ಅವರೇ ಎತ್ತಿದರು. ಅಷ್ಟರಲ್ಲಿ ನಿವೃತ್ತ ಎಂಜಿನಿಯರೊಬ್ಬರು ಲಂಡನ್ನಿನಲ್ಲಿರುವ ಮಗಳನ್ನು ವಿಡಿಯೋ ಕಾಲಿನಲ್ಲಿ ಹಿಡಿದರು. ಆಕೆಗೆ ಅಲ್ಲಿ ಇನ್ನೂ ಬೆಳಗಾಗುತ್ತಿತ್ತು, ತಲೆ ಬಾಚಿರಲಿಲ್ಲ. “ಅಂಕಲ್, ನಾನು ಪಿಕ್ಯಾಡಿಲಿ ಲೈನಿನಲ್ಲಿ ದಿನಾ ಓಡಾಡ್ತೀನಿ. ಅರ್ಲ್’ಸ್ ಕೋರ್ಟ್ ಸ್ಟೇಷನ್ನಿಗೆ ಚುಕ್ಕೆ ಇದೆ. ಅದರ ಮುಂದಿನ ಸ್ಟೇಷನ್ನೇ ಬ್ಯಾರನ್ಸ್ ಕೋರ್ಟ್, ಅದಕ್ಕಿಲ್ಲ. ಯಾರೂ ತಲೆ ಕೆಡಿಸಿಕೊಂಡಿಲ್ಲ” ಎಂದಳು. ಅಷ್ಟೇ ಅಲ್ಲ, ಬರ್ಮಿಂಗ್‌ಹ್ಯಾಮ್ ನಗರಸಭೆ 2009ರಲ್ಲಿ ರಸ್ತೆ ಫಲಕಗಳಿಗೆ ಈ ಚುಕ್ಕೆಯೇ ಬೇಡ ಎಂದಿತು, ವಾಟರ್‌ಸ್ಟೋನ್ಸ್ ಎಂಬ ಪುಸ್ತಕದ ಅಂಗಡಿಯವರೇ 2012ರಲ್ಲಿ ತಮ್ಮ ಹೆಸರಿನಿಂದ ಅದನ್ನು ಕಿತ್ತುಹಾಕಿದರು ಎಂದೂ ಸೇರಿಸಿದಳು. ಹುಟ್ಟಿದ ಊರಿನವರೇ ಹೊರಗೆ ಹಾಕಿದ್ದನ್ನು ನಾನು ಮೈಸೂರಿನಲ್ಲಿ ಸಾಕುತ್ತಿದ್ದೇನೆ ಎಂಬ ಭಾವ ಸಭೆಯಲ್ಲಿ ಹಬ್ಬಿತು.

ಹಿಂದಿನ ಸಾಲಿನಿಂದ ಸಂಸ್ಕೃತ ಪಂಡಿತರೊಬ್ಬರು ಎದ್ದರು. “ಇದು ನಮ್ಮ ಅವಗ್ರಹ ಅಲ್ಲವೇನ್ರೀ? ಶಿವೋಽಹಂ ಎನ್ನುವಾಗ ನಡುವೆ ಹಾಕ್ತೀವಲ್ಲ, ಅಕಾರ ಲೋಪವಾದದ್ದಕ್ಕೆ? ಇಲ್ಲಿಂದಲೇ ಹೋಗಿರೋದು.” ಎಲ್ಲರೂ ತಲೆದೂಗಿದರು. ಅವಗ್ರಹವೂ ಬಿದ್ದ ಸ್ವರದ ಗುರುತೇ ಹೌದು. ಆದರೆ ಇಲ್ಲಿಂದ ಹೋದದ್ದು ಎನ್ನಲು ಪುರಾವೆ ಇಲ್ಲ ಎಂದು ನಾನು ಹೇಳಹೊರಟೆ. ದೇಶದ ವಿರುದ್ಧ ಮಾತಾಡುತ್ತಿದ್ದೇನೆ ಎಂಬ ದೃಷ್ಟಿಯಿಂದ ಇಬ್ಬರು ನೋಡಿದರು. ಕೂತೆ. ಕಾಫಿ ಆರುತ್ತಿತ್ತು. ಕೊನೆಗೆ ಅಧ್ಯಕ್ಷರು “ಏನಾದರೂ ಆಗಲಿ, ಫೈನಲ್ ಕಾಪಿ ಇವರೇ ಬರೆದು ಕಲ್ಲಿನವನಿಗೆ ಕೊಟ್ಟುಬಿಡಲಿ, ತಪ್ಪಾದರೆ ಇವರದೇ ಜವಾಬ್ದಾರಿ” ಎಂದು ನಿರ್ಣಯ ಮಾಡಿದರು. ಆ ನಿರ್ಣಯದ ಎರಡನೇ ಭಾಗ ನನ್ನ ಕಿವಿಗೆ ಬೀಳಲೇ ಇಲ್ಲ. ಗೆದ್ದೆ ಎಂದುಕೊಂಡೆ.

ರಾತ್ರಿ ಬಿಳಿ ಹಾಳೆ ತೆಗೆದು ದಪ್ಪ ಅಕ್ಷರದಲ್ಲಿ ಬರೆಯಲು ಕೂತೆ. ಸೀನಿಯರ್ ಆಯಿತು. ಸಿಟಿಜನ್ ಆಯಿತು. ಎಸ್ ಬರೆದೆ. ಚುಕ್ಕೆ ಎತ್ತ ಕಡೆ? ಎಡಕ್ಕೆ ಹಾಕಿದರೆ ಸಿಟಿಜನ್’ಸ್, ಇಡೀ ಪಾರ್ಕು ಒಬ್ಬ ಮುದುಕರದು. ಬಲಕ್ಕೆ ಹಾಕಿದರೆ ಸಿಟಿಜನ್ಸ್’, ಎಲ್ಲ ಮುದುಕರದು. ನಮ್ಮಲ್ಲಿ ಒಬ್ಬ ಕರ್ನಲ್ ಸಾಹೇಬರಿದ್ದಾರೆ, ಬೆಂಚಿನ ಮೇಲೆ ಬೇರೆಯವರು ಕೂತರೆ ಈಗಲೇ ಗುರ್ ಎನ್ನುತ್ತಾರೆ. ಎಡಕ್ಕೆ ಹಾಕಿದರೆ ಅವರಿಗೆ ಹಕ್ಕುಪತ್ರ ಕೊಟ್ಟಂತೆ. ಆದ್ದರಿಂದ ಬಲಕ್ಕೆ. ನಿಯಮವೂ ಅದೇ ಹೇಳುತ್ತದೆ. ಗೊತ್ತಿತ್ತು. ಆದರೂ ಒಂದು ಅಳುಕು. ಮಧ್ಯಾಹ್ನವಷ್ಟೇ ಓದಿದ್ದೆ: ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 2006ರಲ್ಲಿ ಕಾನ್ಸಸ್ ರಾಜ್ಯದ ಮರಣದಂಡನೆಯ ಕೇಸೊಂದು ಐದಕ್ಕೆ ನಾಲ್ಕರಲ್ಲಿ ತೀರ್ಮಾನವಾಯಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಥಾಮಸ್ ಕಾನ್ಸಸ್‌ನ ಎಸ್ಸಿನ ಮುಂದೆ ಬರೀ ಚುಕ್ಕೆ ಹಾಕಿ ಬಿಟ್ಟರೆ, ಭಿನ್ನಮತ ಬರೆದ ನ್ಯಾಯಮೂರ್ತಿ ಸೂಟರ್ ಚುಕ್ಕೆಯ ಮುಂದೆ ಇನ್ನೊಂದು ಎಸ್ ಸೇರಿಸಿದರು. ಒಬ್ಬ ಮನುಷ್ಯ ಬದುಕಬೇಕೋ ಸಾಯಬೇಕೋ ಎಂಬುದರ ಜೊತೆಗೆ ಇದರಲ್ಲೂ ಆ ಕೋರ್ಟಿಗೆ ಒಮ್ಮತ ಇರಲಿಲ್ಲ. ಅಂಥದ್ದರಲ್ಲಿ ನಾನು ಯಾರು?

ಇಷ್ಟು ಯೋಚಿಸುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು. ಐದನೇ ಕ್ಲಾಸಿನ ಕೈ ಅದು. ಎಸ್ಸಿನ ನೆತ್ತಿಯ ಮೇಲೆ, ನಟ್ಟನಡುವೆ, ಚೆಂದವಾಗಿ ಬಾಗಿದ ಒಂದು ಗೀಟು. ನಾನು ಅದನ್ನು ನೋಡಲೂ ಇಲ್ಲ. ಲಕೋಟೆಗೆ ಹಾಕಿ ಕಲ್ಲು ಕೆತ್ತುವ ಮೇಸ್ತ್ರಿಗೆ ತಲುಪಿಸಿದೆ. ಆತ ಅಕ್ಷರಕ್ಕೆ ಇಷ್ಟು ಎಂದು ದರ ಹೇಳಿದ. ಚುಕ್ಕೆಯನ್ನು ಅಕ್ಷರ ಎಂದು ಎಣಿಸಬಾರದು ಎಂದು ನಾನು ಚೌಕಾಸಿ ಮಾಡಿದೆ. “ಅದೆಲ್ಲ ಫ್ರೀ ಸಾರ್” ಎಂದ. ಧಾರಾಳ ಮನುಷ್ಯ.

ಉದ್ಘಾಟನೆಯ ದಿನ ವಾರ್ಡಿನ ಗಣ್ಯರು ಬಂದು ಪರದೆ ಎಳೆದರು. ಚಪ್ಪಾಳೆ ಬಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಕಪ್ಪು ಗ್ರಾನೈಟಿನ ಮೇಲೆ ಬಂಗಾರದ ಬಣ್ಣದ ಅಕ್ಷರಗಳು. ಸಿಟಿಜನ್ಸ್ ಪದದ ಎಸ್ಸಿಗೆ ಒಂದು ತಲೆಕಟ್ಟು. ಕನ್ನಡದ ಅಪ್ಪಟ ತಲೆಕಟ್ಟು, ಗಕಾರಕ್ಕೋ ನಕಾರಕ್ಕೋ ಇರುತ್ತದಲ್ಲ, ಎಡದಿಂದ ಬಲಕ್ಕೆ ಎಳೆದು ತುದಿಯಲ್ಲಿ ಒಂದು ಕೊಕ್ಕೆ, ಅದೇ. ಅದೊಂದಕ್ಕೇ ಆಗಿದ್ದರೆ ಸಹಿಸಬಹುದಿತ್ತು. ಸೀನಿಯರ್‌ನ ಎಸ್ಸಿಗೂ ತಲೆಕಟ್ಟು. ದಿಸ್, ಈಸ್, ಯುವರ್ಸ್, ಇಟ್ಸ್, ಟ್ರೀಸ್, ಕಲ್ಲಿನ ಮೇಲೆ ಎಲ್ಲೆಲ್ಲಿ ಎಸ್ ಇತ್ತೋ ಅಲ್ಲೆಲ್ಲ. ಒಟ್ಟು ಏಳು. ನಾನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದ ಯುವರ್ಸ್ ಮತ್ತು ಇಟ್ಸ್ ಎರಡೂ ಈಗ ಪೇಟ ಸುತ್ತಿಕೊಂಡು ನಿಂತಿದ್ದವು.

ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಹಲ್ಲು ಕಡಿದೆ. ಆತ ನಿಜವಾಗಿ ನೊಂದುಕೊಂಡ. “ನೀವೇ ಒಂದು ಎಸ್ಸಿಗೆ ತಲೆಕಟ್ಟು ಹಾಕಿ ಕೊಟ್ಟಿದ್ರಿ ಸಾರ್. ಮಿಕ್ಕಿದ್ದಕ್ಕೆ ಮರೆತಿದೀರಿ ಅನ್ಕೊಂಡೆ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ರೆ ಕೆಲಸ ಗೊತ್ತಿಲ್ಲದವನು ಅಂತಾರೆ. ಅದಕ್ಕೆ ಎಲ್ಲಕ್ಕೂ ಹಾಕ್ದೆ. ದುಡ್ಡೂ ತಗೊಂಡಿಲ್ಲ.” ಇದಕ್ಕೆ ಏನು ಹೇಳುವುದು? ನಾನು ಇಷ್ಟು ದಿನ ಹುಡುಕಿದ ಗ್ರಂಥಗಳಲ್ಲೆಲ್ಲೂ ಇಷ್ಟು ನ್ಯಾಯವಾದ ನಿಯಮ ಕಂಡಿರಲಿಲ್ಲ. ಗಣ್ಯರು ಡಿಸೈನ್ ಬಹಳ ಚೆನ್ನಾಗಿದೆ ಎಂದು ಹೊಗಳಿ ಹೋದರು. ಮುಖ್ಯೋಪಾಧ್ಯಾಯಿನಿಯವರು ಮಾತ್ರ ಕಲ್ಲಿನ ಫೋಟೋ ತೆಗೆದು ಬಡಾವಣೆಯ ವಾಟ್ಸಾಪಿಗೆ ಹಾಕಿದರು. ಕೆಳಗೆ ಏನೂ ಬರೆಯಲಿಲ್ಲ. ಒಂದು ಕೈಮುಗಿಯುವ ಚಿತ್ರ, ಅಷ್ಟೆ.

ಮಾನ ಕಳೆದುಕೊಂಡವನು ತನ್ನಂಥವರನ್ನು ಹುಡುಕುತ್ತಾನೆ. ನನಗೂ ಸಿಕ್ಕರು. ಇಂಗ್ಲೆಂಡಿನ ಲಿಂಕನ್‌ಶೈರಿನ ಬಾಸ್ಟನ್ ಊರಲ್ಲಿ ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು 2001ರಲ್ಲಿ ಅಪಾಸ್ಟ್ರಫಿ ಸಂರಕ್ಷಣಾ ಸಂಘವನ್ನೇ ಕಟ್ಟಿದ್ದರು. ಅದೇ ವರ್ಷ ಅವರಿಗೆ ಸಾಹಿತ್ಯದ ಇಗ್‌ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಗಳಿಗೆ ಕೊಡುವ ಬಹುಮಾನ ಅದು. 2019ರಲ್ಲಿ, ತೊಂಬತ್ತಾರು ತುಂಬಿದ ಮೇಲೆ, ಅಜ್ಞಾನವೂ ಸೋಮಾರಿತನವೂ ಗೆದ್ದವು ಎಂದು ಸಾರಿ ಅವರು ಸಂಘಕ್ಕೆ ಬೀಗ ಹಾಕಿದರು. ಹಾಗೆಯೇ ಬ್ರಿಸ್ಟಲ್ ನಗರದಲ್ಲಿ ಹೆಸರು ಹೇಳದ ಒಬ್ಬ ಮಹಾನುಭಾವ ವರ್ಷಗಟ್ಟಲೆ ರಾತ್ರಿ ಹೊತ್ತು ಹೊರಟು, ಉದ್ದ ಕೋಲಿನ ಉಪಕರಣದಿಂದ ಅಂಗಡಿ ಬೋರ್ಡುಗಳ ಚುಕ್ಕೆ ತಿದ್ದುತ್ತಿದ್ದನಂತೆ. 2017ರಲ್ಲಿ ಬಿಬಿಸಿ ಆತನನ್ನು ಲೋಕಕ್ಕೆ ತೋರಿಸಿತು. ಓದುತ್ತ ಓದುತ್ತ ನನ್ನ ರಕ್ತ ಬಿಸಿಯಾಯಿತು. ಅಮೆರಿಕದ ಜೆಫ್ ಡೆಕ್ ಮತ್ತು ಬೆಂಜಮಿನ್ ಹರ್ಸನ್ ಎಂಬಿಬ್ಬರು ತರುಣರು 2008ರಲ್ಲಿ ದೇಶವೆಲ್ಲ ಸುತ್ತಿ ಬೋರ್ಡು ತಿದ್ದಿದ ಕಥೆಯನ್ನೂ ಅರ್ಧ ಓದಿದೆ. ಉಳಿದರ್ಧ ಓದದೆ ಎದ್ದದ್ದು ತಪ್ಪಾಯಿತು. ಗ್ರ್ಯಾಂಡ್ ಕ್ಯಾನ್ಯನ್ನಿನ ಕಾವಲು ಗೋಪುರದ ಫಲಕವೊಂದರಲ್ಲಿ ಅವರು ಒಂದು ಅಪಾಸ್ಟ್ರಫಿ ಸರಿಸಿ, ಒಂದು ಕಾಮಾ ಹಾಕಿದ್ದರು. ಆ ಫಲಕವೋ ಅದೇ ಗೋಪುರವನ್ನು ವಿನ್ಯಾಸ ಮಾಡಿದ ಮೇರಿ ಕೋಲ್ಟರ್ ಕೈಯಾರೆ ಬರೆದ ಐತಿಹಾಸಿಕ ವಸ್ತು. ಕೋರ್ಟು 3,035 ಡಾಲರ್ ಕಟ್ಟಿಸಿ, ಒಂದು ವರ್ಷ ಯಾವ ರಾಷ್ಟ್ರೀಯ ಉದ್ಯಾನಕ್ಕೂ ಕಾಲಿಡಬೇಡಿ ಎಂದಿತು.

ಇದು ಗೊತ್ತಿಲ್ಲದ ನಾನು ಕಪ್ಪು ಎಂ-ಸೀಲು, ಒಂದು ಚಮಚ, ಮೊಬೈಲಿನ ಟಾರ್ಚು ಹಿಡಿದು ನಟ್ಟಿರುಳಲ್ಲಿ ಪಾರ್ಕಿಗೆ ನುಗ್ಗಿದೆ. ತಲೆಕಟ್ಟುಗಳನ್ನು ತುಂಬಿ ಮುಚ್ಚಿಬಿಟ್ಟರೆ ಬರೀ ಎಸ್ ಉಳಿಯುತ್ತದೆ; ಚುಕ್ಕೆಯೇ ಬೇಡ, ಬ್ಯಾರನ್ಸ್ ಕೋರ್ಟಿನ ಹಾಗೆ ಇರಲಿ ಎಂಬ ಮಟ್ಟಕ್ಕೆ ನಾನು ಇಳಿದಿದ್ದೆ. ಸೀನಿಯರ್ ಮುಗಿಯಿತು. ಸಿಟಿಜನ್ಸ್ ಮೇಲೆ ಚಮಚ ಆಡಿಸುತ್ತಿದ್ದಾಗ ಬೆನ್ನ ಹಿಂದೆ ಲಾಠಿ ನೆಲಕ್ಕೆ ಬಡಿದ ಸದ್ದು.

ಆ ಕಾವಲುಗಾರನಿಗೆ ಕಲ್ಲು, ಮರ, ಬೆಂಚು ಎಲ್ಲದರ ಮೇಲೂ ಹೃದಯ ಕೊರೆದು ಹೆಸರು ಬರೆಯುವ ಕಾಲೇಜು ಹುಡುಗರನ್ನು ಹಿಡಿದು ಅಭ್ಯಾಸ. ಟಾರ್ಚು ಬಿಟ್ಟು ನನ್ನ ಮುಖ ನೋಡಿದ. ಬೋಳುತಲೆ, ಮಫ್ಲರ್, ಕೈಯಲ್ಲಿ ಚಮಚ.

“ಈ ವಯಸ್ಸಲ್ಲಿ ಯಾರ ಹೆಸರು ಸಾರ್?” ಎಂದ, ಬಹಳ ಮೆಲ್ಲಗೆ.

ವಿವರಿಸಲು ಹೊರಟೆ. ಅಪಾಸ್ಟ್ರಫಿ ಎಂದೆ. “ಕ್ರಿಶ್ಚಿಯನ್ನರಾ?” ಎಂದ. ಇಲ್ಲಪ್ಪ, ಅದು ಹೆಸರಲ್ಲ, ಯಾರದು ಎಂದು ತೋರಿಸುವ ಗುರುತು ಎಂದೆ. “ಅದೇ, ಯಾರದು ಅಂತ್ಲೇ ಕೇಳ್ತಿರೋದು” ಎಂದ. ನಡುರಾತ್ರಿಯಲ್ಲಿ ಷಷ್ಠೀ ವಿಭಕ್ತಿ ಬೋಧಿಸುವುದು ಕಷ್ಟ. ಆತ ನನ್ನನ್ನು ಮನೆಯವರೆಗೂ ಕರೆತಂದು, ಬಾಗಿಲು ತೆರೆದ ನನ್ನಾಕೆಗೆ “ಅಮ್ಮಾ, ಸ್ವಲ್ಪ ನೋಡ್ಕೊಳ್ಳಿ” ಎಂದು ಒಪ್ಪಿಸಿ ಹೋದ. ಚಮಚ ಪಾರ್ಕಿನಲ್ಲೇ ಉಳಿಯಿತು.

ಬೆಳಗ್ಗೆ ನೋಡಿದರೆ ಎಂ-ಸೀಲು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಏಳರಲ್ಲಿ ಐದು ಎಸ್ಸುಗಳು ತಲೆಕಟ್ಟು ಧರಿಸಿದ್ದವು, ಎರಡು ವಿಭೂತಿ.

ತುರ್ತು ಸಭೆ ಸೇರಿತು. ಕೆತ್ತಿದ್ದನ್ನು ಗ್ರಾನೈಟಿನಲ್ಲಿ ಅಳಿಸಲು ಬರುವುದಿಲ್ಲ ಎಂದು ಮೇಸ್ತ್ರಿ ವಿವರಿಸಿದ: ಅಕ್ಷರದ ಆಳಕ್ಕಿಂತ ಒಂದು ಕೂದಲು ಜಾಸ್ತಿ ಇಡೀ ಮುಖವನ್ನು ಉಜ್ಜಿ ತೆಗೆದು, ಮತ್ತೆ ಪಾಲಿಶ್ ಕೊಟ್ಟು, ಮೊದಲಿನಿಂದ ಕೆತ್ತಬೇಕು. ಅದಕ್ಕಿಂತ ಹೊಸ ಕಲ್ಲೇ ಅಗ್ಗ. ಅಧ್ಯಕ್ಷರು ನಿರ್ಣಯ ಪುಸ್ತಕ ತೆರೆದು, ಹಿಂದೆ ನನ್ನ ಕಿವಿಗೆ ಬೀಳದ ಎರಡನೇ ಭಾಗವನ್ನು ನಿಧಾನವಾಗಿ ಓದಿದರು. ಹೊಸ ಕಲ್ಲಿನ ಖರ್ಚು ನನ್ನದು. ಈ ಸಲ ಬರಹ ಕನ್ನಡದಲ್ಲಿರಲಿ, ರಗಳೆಯೇ ಬೇಡ ಎಂದೂ ತೀರ್ಮಾನವಾಯಿತು. ಎಲ್ಲರಿಗೂ ನಿರಾಳವಾಯಿತು, ನನಗೂ. ಕಾರ್ಯದರ್ಶಿಗಳು ಅಲ್ಲೇ ಕೂತು ಬರೆದರು: “ಹಿರಿಯ ನಾಗರೀಕರ ಉದ್ಯಾನವನ.” ನಾಗರಿಕಕ್ಕೆ ದೀರ್ಘ ಇಲ್ಲ, ಉದ್ಯಾನ ಎಂದ ಮೇಲೆ ವನ ಬೇಕಿಲ್ಲ. ನನ್ನ ಬಾಯಿ ತೆರೆಯಿತು. ಮುಖ್ಯೋಪಾಧ್ಯಾಯಿನಿಯವರು ನನ್ನನ್ನೇ ನೋಡುತ್ತಿದ್ದರು. ಆಕಳಿಸಿದವನಂತೆ ಮಾಡಿ ಮುಚ್ಚಿಕೊಂಡೆ. ಈಗ ಆ ದೀರ್ಘ ಅಲ್ಲೇ ಕಲ್ಲಿನಲ್ಲಿದೆ, ನನ್ನದೇ ದುಡ್ಡಿನಲ್ಲಿ.

ಹಳೆಯ ಕಲ್ಲನ್ನು ಏನು ಮಾಡುವುದು ಎಂಬ ಚರ್ಚೆ ಬಹಳ ಹೊತ್ತು ನಡೆಯಲಿಲ್ಲ. ಹೊಸದಕ್ಕೆ ದುಡ್ಡು ಕೊಟ್ಟವನದೇ ಹಳೆಯದು ಎಂದರು. ನಾಲ್ಕು ಆಳು ಹೊತ್ತು ತಂದು ನಮ್ಮ ಹಿತ್ತಲಿನ ನಲ್ಲಿಯ ಪಕ್ಕ ಮಲಗಿಸಿ ಹೋದರು. ಬೋರಲು ಹಾಕಿ ಎಂದು ಎಷ್ಟು ಹೇಳಿದರೂ ಕೇಳದೆ ಅಕ್ಷರ ಮೇಲಾಗಿಯೇ ಮಲಗಿಸಿದರು. ನನ್ನಾಕೆ ಮೊದಲ ವಾರ ಅದರ ಮೇಲೆ ಕುಂಡ ಇಟ್ಟಳು. ಆಮೇಲೊಂದು ದಿನ ವಾಷಿಂಗ್ ಮೆಷಿನ್ ಕೆಟ್ಟಾಗ ಬಟ್ಟೆ ಒಗೆಯಲು ಕೂತವಳು ಒಳಗಿದ್ದ ನನ್ನನ್ನು ಕೂಗಿ ಕರೆದಳು. ನುಣುಪಾದ ಗ್ರಾನೈಟಿನಲ್ಲಿ ಬಟ್ಟೆ ಜಾರುತ್ತದಂತೆ. ಎಸ್ಸುಗಳಿರುವ ಕಡೆ ಮಾತ್ರ, ಆ ತಲೆಕಟ್ಟಿನ ಕೊಕ್ಕೆಗೆ ಸಿಕ್ಕಿ, ಅಂಗಿಯ ಕಾಲರಿನ ಕೊಳೆ ಚೆನ್ನಾಗಿ ಹೋಗುತ್ತದಂತೆ. ಯುವರ್ಸ್ ಮತ್ತು ಇಟ್ಸ್ ಇರುವ ಜಾಗ ಎಲ್ಲಕ್ಕಿಂತ ಹದವಾಗಿದೆಯಂತೆ.

“ಇನ್ನೊಂದು ಸಾಲು ಬರೆಸಿದ್ದಿದ್ರೆ ಬೆಡ್‌ಶೀಟೂ ಆಗ್ತಿತ್ತು” ಎಂದಳು.